ಗುಡ್ಡ ಕೊಡಿಸಿದ ಗಂಗಣ್ಣ

ಗಂಗಣ್ಣನವರು ಸಾವಿನ ಮನೆಗೆ ಬಂದರೂ ಚಪ್ಪಲಿ ಬಿಡುವ ಮೊದಲು ಒಮ್ಮೆ ತಲೆಯೆತ್ತಿ ಸೂರ್ಯ ಯಾವ ಕಡೆಗಿದ್ದಾನೆಂದು ನೋಡುತ್ತಿದ್ದರು. ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಖಚಿತವಾದ ಮೇಲೆಯೇ ಅವರ ಮುಖಕ್ಕೆ ದುಃಖ ಬರುತ್ತಿತ್ತು. ನನ್ನ ಮಾವನವರು ತೀರಿಕೊಂಡ ದಿನವೂ ಹಾಗೆಯೇ ಬಂದರು. ಹಾರ ಹಾಕಿ, ಕೈ ಮುಗಿದು, ನನ್ನ ಗಂಡನ ಭುಜ ಹಿಡಿದುಕೊಂಡು ನಿಜವಾಗಿಯೂ ಕಣ್ಣೊರೆಸಿಕೊಂಡರು. ಆಮೇಲೆ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಮೇಡಂ, ಇಂಥ ಹೊತ್ನಲ್ಲಿ ಹೇಳ್ಬಾರ್ದು. ಪಕ್ಕದ್ಮನೆಯೋರು ಮಾರೋ ಯೋಚ್ನೆಲಿದಾರೆ. ಮಧ್ಯದ ಗೋಡೆ ಒಡ್ದು ಒಂದ್ ಮಾಡ್ಕೊಂಡ್ರೆ ನಿಮ್ದು ಕಾರ್ನರ್ ಬಿಟ್ ಆಗುತ್ತೆ" ಎಂದರು.

ಅವರ ಪೂರ್ತಿ ಹೆಸರು ಗಂಗಹನುಮಯ್ಯ. ಮೂಡಲಪಾಳ್ಯದ ಹಳೇ ಊರಿನ ಒಕ್ಕಲುತನದ ಮನೆಯವರು. ಅವರ ಅಪ್ಪನ ಕಾಲಕ್ಕೆ ಹೊಲಗದ್ದೆಗಳೆಲ್ಲ ಲೇಔಟಾದವು, ಇವರು ಬ್ರೋಕರ್ ಆದರು. ಇಸ್ತ್ರಿ ಮಾಡಿದ ಬಿಳಿ ಶರಟು, ಅದರ ಜೇಬನ್ನು ಕೆಳಗೆ ಜಗ್ಗುವ ಎರಡು ಫೋನು, ಹಣೆಗೆ ವಿಭೂತಿ, ಮೈಗೆ ಮಲ್ಲಿಗೆ ಸೆಂಟು. ಸ್ಕೂಟರಿನ ಸೀಟೆತ್ತಿದರೆ ಯಾರ್‍ಯಾರದೋ ಆಸ್ತಿಪತ್ರಗಳ ಜೆರಾಕ್ಸು. "ಗಂಗಣ್ಣ ತಂದ ಪೇಪರ್ರು ಗಂಗೆ ಥರ ಕ್ಲಿಯರ್ರು" ಎಂಬುದು ಅವರೇ ತಮ್ಮ ಬಗ್ಗೆ ಹೊರಡಿಸಿಕೊಂಡಿದ್ದ ಪ್ರಮಾಣಪತ್ರ. ಬಡಾವಣೆಗೆ ಕಾವೇರಿ ನೀರು ಇಲ್ಲವೆಂಬ ಮಾತನ್ನು ಅವರ ಬಾಯಿಂದ ಯಾರೂ ಕೇಳಿದ್ದಿಲ್ಲ. "ಬರ್ತಾ ಇದೆ ಮೇಡಂ, ಕನಕಪುರ ದಾಟಿದೆ" ಎನ್ನುತ್ತಿದ್ದರು, ಬಸ್ಸು ಹತ್ತಿದ ನೆಂಟರ ಬಗ್ಗೆ ಹೇಳುವ ಹಾಗೆ.

ಬಸವೇಶ್ವರನಗರದ ನಮ್ಮ ಮನೆಯನ್ನು ಕೊಡಿಸಿದವರು ಅವರೇ. ಪಾರ್ಕ್ ಫೇಸಿಂಗ್ ಎಂದು ಹೇಳಿದ್ದರು. ಮನೆ ಸೇರಿದ ಮೇಲೆ ಹುಡುಕಿದೆವು. ಬಚ್ಚಲಮನೆಯ ಕಿಟಕಿಯಲ್ಲಿ ಕತ್ತು ಹೊರಗೆ ಹಾಕಿ ಬಲಕ್ಕೆ ತಿರುಗಿದರೆ ಪಾರ್ಕಿನ ಗೇಟು ಕಾಣುತ್ತದೆ. ಇಷ್ಟಾದ ಮೇಲೂ ಕೆಂಗೇರಿಯಲ್ಲಿ ಒಂದು ಸೈಟು ಬೇಕೆಂದಾಗ ನಾವು ಹೋದದ್ದು ಅವರ ಬಳಿಗೇ. ಅವರ ಮೇಲೆ ಸಿಟ್ಟು ಮಾಡಿಕೊಂಡು ಬಹಳ ಹೊತ್ತು ಇರಲು ಆಗುತ್ತಿರಲಿಲ್ಲ.

ಅವರನ್ನು ನೋಡಿ ನಗುವಷ್ಟು ಜಾಣೆ ನಾನಲ್ಲ. ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬೇಡಿಕೆ ಪೂರೈಕೆಯ ಗೆರೆಗಳನ್ನು ಕಣ್ಣು ಮುಚ್ಚಿ ಎಳೆಯಬಲ್ಲೆ. ಕೊತ್ತಂಬರಿ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಈವರೆಗೆ ಗೆದ್ದಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ನಾವು ಐದು ಜನ ಸೇರಿ ಒಂದು ಹಸಿರು ಬಳಗ ಕಟ್ಟಿಕೊಂಡಿದ್ದೆವು. ಪ್ರತಿ ಜೂನಿನಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಮರುವರ್ಷ ಗುಂಡಿ ತೋಡುವ ಕಷ್ಟವಿರಲಿಲ್ಲ. ಹಳೆಯ ಗುಂಡಿಗಳು ಖಾಲಿಯಾಗಿಯೇ ಇರುತ್ತಿದ್ದವು. ಬಳಗದ ಅಧ್ಯಕ್ಷೆ ನಾನು. ಕಾರ್ಯದರ್ಶಿ ನನ್ನ ಗೆಳತಿ, ಹಲ್ಲಿನ ಡಾಕ್ಟರು ಶೈಲಜಾ.

ಒಂದು ಭಾನುವಾರ ಬಳಗದವರೆಲ್ಲ ಮಾಗಡಿ ದಾಟಿ ಸುತ್ತಾಡಲು ಹೋದೆವು. ಅಲ್ಲೊಂದು ಗುಡ್ಡದ ಇಳಿಜಾರು. ಒಂದು ಮಗ್ಗುಲು ಬೋಳು. ಕೆಂಪು ಮಣ್ಣಿನ ಮೇಲೆ ಸಾಲಾಗಿ ಸೈಟಿನ ಕಲ್ಲುಗಳು, ಬಣ್ಣಬಣ್ಣದ ಬಾವುಟಗಳು. ಇನ್ನೊಂದು ಮಗ್ಗುಲಲ್ಲಿ ಮಾತ್ರ ದಟ್ಟವಾಗಿ ಕಾಡು ನಿಂತಿತ್ತು. ಇಬ್ಬರು ತೋಳು ಚಾಚಿದರೂ ತಬ್ಬಲಾಗದ ಮರಗಳು, ಕಾಲಿಗೆ ಮೆತ್ತಗೆ ತಾಗುವ ತರಗೆಲೆ, ಎಲ್ಲಿಂದಲೋ ನವಿಲಿನ ಕೂಗು. ಮರದ ಹೆಸರು ತಿಳಿಯಲು ಶೈಲಜಾ ಫೋನಿನಲ್ಲಿ ಫೋಟೋ ತೆಗೆದಳು. ಒಂದೇ ಮರಕ್ಕೆ ಫೋನು ಮೂರು ಹೆಸರು ಹೇಳಿತು. ಬೊಡ್ಡೆಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. "ನೋಡು, ಒಂದೊಂದು ಮರಾನೂ ಎಷ್ಟು ಚೆನ್ನಾಗಿ ಲೆಕ್ಕ ಇಟ್ಟಿದಾರೆ!" ಎಂದು ನಾನು ಸಂತೋಷಪಟ್ಟೆ.

ಕೆಳಗೆ ಟೀ ಅಂಗಡಿಯ ಹೆಂಗಸು ಹೇಳಿದಳು: "ಅದು ಸರ್ಕಾರದ ಕಾಡಲ್ಲ, ಪಟ್ಟಾ ಜಮೀನು ಕಣಮ್ಮ, ದೊಡ್ಡಯ್ಯನೋರ್ದು. ಆ ಕಡೇದು ಮಾರಿದ್ರು, ಸೈಟ್ ಮಾಡಿದ್ರು. ಇದ್ನೂ ಮಾರ್ತಾರಂತೆ." ವಾಪಸ್ ಬರುವಾಗ ಬ್ಯಾಡರಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತಾಗ ಶೈಲಜಾ, "ನಾವೇ ತಗೊಂಡ್ಬಿಟ್ರೆ?" ಎಂದಳು. ಜಾಗ ನಮ್ಮದಾದರೆ ಯಾರೂ ಮರ ಮುಟ್ಟುವಂತಿಲ್ಲ. ಇಷ್ಟು ಸುಲಭದ ಉಪಾಯ ಇದುವರೆಗೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನಮಗೆ ನಮ್ಮ ಮೇಲೆಯೇ ಹೆಮ್ಮೆಯಾಯಿತು.

ವ್ಯಾಪಾರಕ್ಕೆ ಗಂಗಣ್ಣನವರೇ ಸರಿ ಎಂದು ತೀರ್ಮಾನಿಸಿದೆವು. ಆದರೆ ಕಾಡು ಉಳಿಸುವ ವಿಷಯವನ್ನು ಅವರಿಗೆ ಹೇಳಬಾರದೆಂದು ಶೈಲಜಾ ಪಟ್ಟು ಹಿಡಿದಳು. "ಹೇಳಿದ್ರೆ ನಮ್ಮನ್ನ ಹುಚ್ಚರು ಅಂದ್ಕೊಂಡು ರೇಟ್ ಏರಿಸ್ತಾರೆ ಕಣೇ. ಬೇರೆ ಏನಾದ್ರೂ ಹೇಳು. ನೀನು ಎಕನಾಮಿಕ್ಸ್ ಅಲ್ವಾ!" ಗಂಗಣ್ಣನವರು ನಮ್ಮ ಮನೆಯ ಸೋಫಾದಲ್ಲಿ ಕೂತು, "ಅಷ್ಟ್ ದೂರ ಯಾತಕ್ಕೆ ಮೇಡಂ ಜಾಗ?" ಎಂದು ಕೇಳಿದಾಗ ನನ್ನ ಬಾಯಿಗೆ ಬಂದದ್ದು "ರೆಸಾರ್ಟ್." ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಅವರು ಅಷ್ಟು ಭಕ್ತಿಯಿಂದ ಕೇಳುತ್ತಿದ್ದುದನ್ನು ನೋಡಿ ನನಗೆ ಉಮೇದು ಬಂದು ಕಾಟೇಜು, ಸ್ವಿಮ್ಮಿಂಗ್ ಪೂಲು, ಮದುವೆಗೆ ದೊಡ್ಡ ಹಾಲು, ಎಲ್ಲವನ್ನೂ ಕಟ್ಟಿಬಿಟ್ಟೆ. ಗಂಗಣ್ಣನವರ ಕಣ್ಣು ಹೊಳೆಯಿತು. "ವಾಟರ್ ಸ್ಲೈಡ್ ಹಾಕ್ಸಿ ಮೇಡಂ. ಇಳಿಜಾರು ಮೊದ್ಲೇ ಇದೆ, ಖರ್ಚು ಕಮ್ಮಿ."

ಜಾಗ ನೋಡುವ ದಿನ ಕಾರಿನಲ್ಲೇ ನನಗೂ ಶೈಲಜಾಳಿಗೂ ಗಂಗಣ್ಣನವರಿಂದ ಪಾಠವಾಯಿತು. "ನೀವಿಬ್ರೂ ಬಾಯಿ ಬಿಡ್ಬೇಡಿ. ಜಾಗ ನೋಡಿದ ತಕ್ಷಣ ಮುಖ ಸಿಂಡರಿಸ್ಬೇಕು. ಬರೀ ಕಲ್ಲು, ಬರೀ ಮುಳ್ಳು ಅನ್ಬೇಕು. ಅಷ್ಟೇ." ಗುಡ್ಡದ ಬುಡದಲ್ಲಿ ದೊಡ್ಡಯ್ಯನವರೂ ಅವರ ತಮ್ಮಂದಿರೂ ಕಾದಿದ್ದರು. ನಾನು ಮುಖ ಸಿಂಡರಿಸಿಕೊಂಡೇ ಇಳಿದೆ. ಅಷ್ಟರಲ್ಲಿ ಪೊದೆಯೊಳಗಿಂದ ಒಂದು ನವಿಲು ನಮ್ಮ ಎದುರೇ ದಾರಿ ದಾಟಿ, ಬಾಲ ಎಳೆದುಕೊಂಡು ಮರಗಳ ನಡುವೆ ಹೊರಟುಹೋಯಿತು. "ಅಯ್ಯೋ ದೇವ್ರೇ, ಎಷ್ಟ್ ಚೆನ್ನಾಗಿದೆ! ಸ್ವರ್ಗ!" ಎಂದು ನಾನು ಕೂಗಿಬಿಟ್ಟೆ. ದೊಡ್ಡಯ್ಯನವರು ತಮ್ಮಂದಿರ ಮುಖ ನೋಡಿದರು. ಗಂಗಣ್ಣನವರು ಕ್ಷಣವೂ ತಡಮಾಡದೆ, "ಮೇಡಂಗೆ ಶುಗರ್ರು. ಬಿಸ್ಲಿಗೆ ಬಂದ್ರೆ ಹಿಂಗೇ ಏನೇನೋ ಮಾತಾಡ್ತಾರೆ. ಡಾಕ್ಟ್ರೇ, ಸ್ವಲ್ಪ ನೋಡಿ" ಎಂದರು. ಹಲ್ಲಿನ ಡಾಕ್ಟರು ಗಂಭೀರವಾಗಿ ಬಂದು ನನ್ನ ನಾಡಿ ಹಿಡಿದುಕೊಂಡಳು. ವ್ಯಾಪಾರ ಮುಗಿಯುವವರೆಗೂ ನನ್ನನ್ನು ನೆರಳಿನಲ್ಲಿ ಕೂರಿಸಿ ಗ್ಲೂಕೋಸ್ ಬಿಸ್ಕತ್ತು ತಿನ್ನಿಸಿದರು. ನನಗೆ ನಿಜವಾಗಿಯೂ ಸಕ್ಕರೆ ಕಾಯಿಲೆ ಇದ್ದಿದ್ದರೆ ಅಂದೇ ಮುಗಿದುಹೋಗುತ್ತಿದ್ದೆ.

ಅಗ್ರಿಮೆಂಟ್ ಆಯಿತು, ಅಡ್ವಾನ್ಸ್ ಕೊಟ್ಟೆವು. ರಿಜಿಸ್ಟ್ರೇಷನ್ ಮುಂದಿನ ತಿಂಗಳೆಂದು ನಿಗದಿಯಾಯಿತು. ನನ್ನ ಪಾಲಿನ ಹಣಕ್ಕಾಗಿ ಕೆಂಗೇರಿಯ ಸೈಟನ್ನು ಮಾರಬೇಕಾಯಿತು. ಅದಕ್ಕೆ ಗಿರಾಕಿ ತಂದವರೂ ಗಂಗಣ್ಣನವರೇ. ಆ ಸೈಟಿನಲ್ಲಿ ಕಟ್ಟಬೇಕೆಂದು ನನ್ನ ಗಂಡ ಗ್ರಾಫ್ ಹಾಳೆಯ ಮೇಲೆ ಮನೆಯ ನಕ್ಷೆಯನ್ನು ಎಷ್ಟೋ ಸಲ ಬರೆದು, ಅಳಿಸಿ, ಮತ್ತೆ ಬರೆದಿದ್ದರು. ವಿಷಯ ಹೇಳಿದ ದಿನ ಊಟಕ್ಕೆ ಕೂತಾಗ ಅವರು ಕೇಳಿದ್ದು ಒಂದೇ: "ಹಾಗಾದ್ರೆ ರಿಟೈರ್ ಆದ್ಮೇಲೆ ನಾವಿಬ್ರೂ ಮರದ ಮೇಲಿರ್ತೀವಾ?"

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಕ್ಲಾಸಿನಲ್ಲಿದ್ದಾಗ ಗಂಗಣ್ಣನವರ ಫೋನು ಬಂತು. ಕಟ್ ಮಾಡಿದೆ. ಮತ್ತೆ ಬಂತು. ಹೊರಗೆ ಹೋಗಿ ಎತ್ತಿದೆ.

"ಮೇಡಂ, ಸ್ವೀಟ್ ರೆಡಿ ಇಟ್ಕೊಳ್ಳಿ! ನಿಮಗೊಂದು ಸರ್ಪ್ರೈಸು. ಜಾಗ ಕ್ಲೀನ್ ಮಾಡಿಸ್ತಾ ಇದೀನಿ."

"ಯಾವ ಜಾಗ?"

"ನಿಮ್ ರೆಸಾರ್ಟು! ಆ ಮರಗಳನ್ನ ದೊಡ್ಡಯ್ಯ ಯಾವತ್ತೋ ಚೆಲುವರಾಜು ಅಂತ ಕಂಟ್ರಾಕ್ಟರ್‌ಗೆ ಮಾರ್ಬಿಟ್ಟಿದಾನೆ. ನೆಲದ್ ವ್ಯಾಪಾರ ಬೇರೆ, ಮರದ್ ವ್ಯಾಪಾರ ಬೇರೆ. ಕಡಿಯೋಕೆ ಪರ್ಮಿಷನ್ನೂ ಆಗಿದೆ. ನಂಬರ್ ಹಾಕಿರೋದು ನೋಡ್ಲಿಲ್ವಾ ನೀವು? ಅವನು ಮಳೆಗಾಲ ಮುಗೀಲಿ ಅಂತ ಕೂತಿದ್ದ. ನಾನೇ ಬೆನ್ನು ಬಿದ್ದು ಈವತ್ತೇ ಶುರು ಮಾಡಿಸ್ದೆ. ರಿಜಿಸ್ಟ್ರೇಷನ್ ಹೊತ್ಗೆ ನಿಮಗೆ ಅಂಗೈ ಥರ ನೆಲ ಸಿಗುತ್ತೆ. ಒಂದ್ ಕಡ್ಡಿ ಇರಲ್ಲ!"

ಮರಗಳಿಗೆ ಬರೆದ ನಂಬರನ್ನು ಹಾಡಿ ಹೊಗಳಿದ್ದವಳು ನಾನೇ.

ನಾನು ಕ್ಲಿನಿಕ್ಕಿಗೆ ಓಡಿದಾಗ ಶೈಲಜಾ ಯಾರದೋ ಬಾಯಿಗೆ ಹತ್ತಿ ತುರುಕಿದ್ದಳು. ಆತನನ್ನು ಅಸಿಸ್ಟೆಂಟಿಗೆ ಒಪ್ಪಿಸಿ, ಕೈಗವಸು ಬಿಚ್ಚುತ್ತಲೇ ಕಾರಿಗೆ ಬಂದಳು. ಗಂಗಣ್ಣನವರಿಗೆ ಫೋನು ಮಾಡಿ, ಕೆಲಸ ನಿಲ್ಲಿಸಿ ಎಂದು ಎಷ್ಟು ಕೂಗಿದರೂ ಅವರಿಗೆ ಕಾರಣ ಅರ್ಥವಾಗಲಿಲ್ಲ. ಚೆಲುವರಾಜುವಿಗೆ ಫೋನು ಮಾಡಿದರೆ ಗುಡ್ಡದಲ್ಲಿ ನೆಟ್ವರ್ಕ್ ಇಲ್ಲ. ಗಂಗಣ್ಣನವರನ್ನು ಸುಂಕದಕಟ್ಟೆಯ ಸಿಗ್ನಲ್ಲಿನಲ್ಲಿ ಹತ್ತಿಸಿಕೊಂಡೆವು. ಅವರು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕುವುದರೊಳಗೆ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಗಂಗಣ್ಣನವರ ಜೇಬಿನಲ್ಲಿ ಎರಡೂ ಫೋನು ಬಡಿದುಕೊಂಡವು, ಎತ್ತಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು.

"ಹಂಗಾದ್ರೆ ಸ್ವಿಮ್ಮಿಂಗ್ ಪೂಲು?"

"ಇಲ್ಲ."

"ಕಾಟೇಜು?"

"ಇಲ್ಲ ಗಂಗಣ್ಣ."

"ಮತ್ತೆ ಜಾಗ ತಗೊಂಡು ಏನ್ ಮಾಡ್ತೀರ?"

"ಏನೂ ಮಾಡಲ್ಲ. ಹಾಗೇ ಬಿಡ್ತೀವಿ."

"ಏನೂ ಮಾಡ್ದೆ ಇರೋಕೆ ಅಷ್ಟ್ ದೂರ ಹೋಗ್ಬೇಕಾ ಮೇಡಂ? ಮನೇಲೇ ಇರ್ಬೋದಲ್ಲ!"

ಸ್ವಲ್ಪ ದೂರ ಹೋದ ಮೇಲೆ ಅವರ ದನಿ ಬದಲಾಯಿತು. ಅಷ್ಟು ವರ್ಷಗಳಲ್ಲಿ ಅವರಿಗೆ ಬೇಜಾರಾದದ್ದನ್ನು ನಾನು ನೋಡಿದ್ದು ಅದೇ ಮೊದಲು. "ನನ್ ಹತ್ರ ಸುಳ್ಳು ಹೇಳಿದ್ರಲ್ಲ ಮೇಡಂ. ಸುಳ್ಳು ಹೇಳೋದು ನನ್ ಕಸುಬು. ಎಷ್ಟ್ ಹೇಳ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ನನಗ್ ಗೊತ್ತು. ನಿಮಗ್ ಅಭ್ಯಾಸ ಇಲ್ಲ. ಮದ್ವೆ ಹಾಲ್ ಬೇರೆ ಕಟ್ಟಿದ್ರಿ. ನೋಡಿ ಈಗ ಏನಾಯ್ತು."

ಗುಡ್ಡ ಹತ್ತುವಾಗಲೇ ಗರಗಸದ ಯಂತ್ರದ ಸದ್ದು ಕೇಳಿಸಿತು. ಕೆಲವು ಮರಗಳು ಆಗಲೇ ಉರುಳಿದ್ದವು. ದಾರಿಯ ಪಕ್ಕದ ದೊಡ್ಡ ಹೊನ್ನೆ ಮರ ಅಡ್ಡ ಬಿದ್ದಿತ್ತು. ಕೊಯ್ದ ಜಾಗದಿಂದ ಕೆಂಪು ರಸ ಒಸರುತ್ತಿತ್ತು. ಅದರ ಹೆಸರು ಹೊನ್ನೆ ಎಂದು ನನಗೆ ಗೊತ್ತಾದದ್ದು ಆಗಲೇ, ಕಡಿಯುವವರ ಬಾಯಿಂದ. ಶೈಲಜಾ ಓಡಿಹೋಗಿ ಮುಂದಿನ ಮರವನ್ನು ತಬ್ಬಿಕೊಂಡಳು. ಆ ಮರದ ತುಂಬ ಕೆಂಪಿರುವೆ. ಅವಳು ಕಿರುಚುತ್ತ ಸೀರೆ ಒದರಿಕೊಳ್ಳುವವರೆಗೂ ಗರಗಸದವರು ಮರ್ಯಾದೆಯಿಂದ ಯಂತ್ರ ನಿಲ್ಲಿಸಿ ಕಾದರು. ಆ ಬಿಡುವಿನಲ್ಲಿ ನಾನು ಚೆಲುವರಾಜುವಿನ ಮುಂದೆ ನಿಂತು ಭಾಷಣ ಶುರು ಮಾಡಿದೆ. ಅಂತರ್ಜಲ, ಇಂಗಾಲ, ಮುಂದಿನ ಪೀಳಿಗೆ, ಬೆಲೆ ಕಟ್ಟಲಾಗದ ಸಂಪತ್ತು. ಆತ ಕೈಕಟ್ಟಿ ಪೂರ್ತಿ ಕೇಳಿಸಿಕೊಂಡು, "ಬಿಸ್ಲಲ್ಲಿ ಬಂದಿದೀರ. ಟೀ ಕುಡೀತೀರಾ ಮೇಡಂ?" ಎಂದ.

"ನೀವಿಬ್ರೂ ಕಾರಲ್ಲಿ ಕೂತ್ಕೊಳ್ಳಿ. ದಯವಿಟ್ಟು" ಎಂದರು ಗಂಗಣ್ಣ.

ಕಾರಿನ ಗಾಜು ಇಳಿಸಿ ಕಿವಿಗೊಟ್ಟೆವು. ಎಂಥ ಸುಳ್ಳು ಹೆಣೆಯುತ್ತಾರೋ ಎಂದು ಕಾದೆ. ಸರ್ಕಾರಿ ನೋಟಿಸು ಎನ್ನಬಹುದು, ಕೋರ್ಟು ಎನ್ನಬಹುದು. ಅವರು ಚೆಲುವರಾಜುವಿನ ಹೆಗಲ ಮೇಲೆ ಕೈ ಹಾಕಿ ಬಿದ್ದ ಹೊನ್ನೆಯ ಮೇಲೆ ಕೂರಿಸಿದರು.

"ತಪ್ಪು ನಂದೇ ಕಣಯ್ಯ. ನಾನೇ ಬಲವಂತ ಮಾಡಿ ನಿನ್ನ ಕರೆಸ್ದೆ. ಇವ್ರಿಗೆ ಮರ ಬೇಕಂತೆ."

"ದಿಮ್ಮಿನಾ ಅಣ್ಣ?"

"ಅಲ್ಲ. ನಿಂತಿರೋದು. ಹಂಗೇ ನಿಂತಿರ್ಲಿ ಅಂತ ದುಡ್ಡು ಕೊಡ್ತಾರೆ. ನಿನ್ ಹಕ್ಕು ಇವ್ರಿಗೆ ಬರ್ಕೊಟ್ಬಿಡು. ಲಾರಿ ಬೇಡ, ಕೂಲಿ ಬೇಡ, ಗರಗಸ ಬೇಡ."

"ಯಾಕಂತೆ?"

"ನಂಗೂ ಸರಿಯಾಗಿ ಅರ್ಥ ಆಗ್ಲಿಲ್ಲ. ನೀನು ಮಾತ್ರ ಕೇಳೋಕೆ ಹೋಗ್ಬೇಡ. ಕೇಳಿದ್ರೆ ಆ ಕನ್ನಡಕದ ಮೇಡಂ ಕ್ಲಾಸ್ ತಗೋತಾರೆ."

ಚೆಲುವರಾಜು ನಮ್ಮ ಕಡೆ ತಿರುಗಿ ನೋಡಿದ. ನಾನು ಕನ್ನಡಕ ತೆಗೆದುಬಿಟ್ಟೆ. ಅವರಿಬ್ಬರ ಮಾತು ಬಹಳ ಹೊತ್ತು ನಡೆಯಿತು. ಒಮ್ಮೆ ಜಗಳದ ಹಾಗಿತ್ತು, ಒಮ್ಮೆ ಇಬ್ಬರೂ ನಕ್ಕರು. ಕೊನೆಗೆ ಚೆಲುವರಾಜು ಎದ್ದು ಆಳುಗಳಿಗೆ ಕೈಸನ್ನೆ ಮಾಡಿದ. ಯಂತ್ರ ಲಾರಿಗೇರಿತು. ಆಗ ಶೈಲಜಾ ಅಳಲು ಶುರು ಮಾಡಿದಳು. ಇರುವೆ ಕಚ್ಚಿದ್ದಕ್ಕೆ ಎಂದಳು. ನನಗೆ ಇರುವೆ ಕಚ್ಚಿರಲಿಲ್ಲ, ಹಾಗಾಗಿ ನಾನು ಯಾವ ನೆಪವನ್ನೂ ಹೇಳುವಂತಿರಲಿಲ್ಲ.

ವಾಪಸ್ ಬರುವಾಗ ಗಂಗಣ್ಣನವರು ತಮ್ಮ ಮಾಮೂಲಿನ ದನಿಗೆ ಬಂದಿದ್ದರು. ಈ ವ್ಯಾಪಾರಕ್ಕೂ ಕಮಿಷನ್ ಕೊಡಬೇಕೆಂದರು. "ನೆಲದ್ದು ಬೇರೆ, ಮರದ್ದು ಬೇರೆ ಅಂತ ಆಗ್ಲೇ ಹೇಳ್ಲಿಲ್ವಾ ಮೇಡಂ." ಕೆಂಗೇರಿ ಸೈಟಿನದ್ದೂ ಸೇರಿದರೆ ಒಂದು ಗುಡ್ಡದಿಂದ ಅವರಿಗೆ ಮೂರು ಕಮಿಷನ್. ಬಳಗದ ಮಿಕ್ಕವರು ಇದನ್ನು ಸುಲಿಗೆ ಎಂದರು. ನಾನು ಸುಮ್ಮನೆ ಕೊಟ್ಟೆ. ನನ್ನ ಭಾಷಣಕ್ಕೆ ಉಳಿದ ಮರ ಒಂದೂ ಇರಲಿಲ್ಲ.

ಗುಡ್ಡ ನಮ್ಮ ಹೆಸರಿಗಾದ ಮೇಲೆ ಅವರನ್ನು ಒಂದು ಭಾನುವಾರ ಅಲ್ಲಿಗೆ ಊಟಕ್ಕೆ ಕರೆದೊಯ್ದೆವು. ಬಂದರು, ಕಾಡಿನೊಳಗೆ ಒಂದು ಸುತ್ತು ಹಾಕಿದರು. ಅವರಿಗೆ ಏನು ನೋಡಬೇಕೆಂದು ತಿಳಿಯುತ್ತಿಲ್ಲ ಎಂಬುದು ಮುಖದಲ್ಲೇ ಇತ್ತು. ನಾನು ಬಿಡಲಿಲ್ಲ. ಮನಸ್ಸು ಕರಗುವ ಮಾತೊಂದನ್ನು ಅವರಿಂದ ಹೊರಡಿಸಿ ಬಳಗದ ಗ್ರೂಪಿಗೆ ಹಾಕಬೇಕೆಂಬ ಆಸೆ. "ಗಂಗಣ್ಣ, ಮೂಡಲಪಾಳ್ಯದಲ್ಲಿ ನೀವು ಚಿಕ್ಕವರಿದ್ದಾಗ ಗದ್ದೆ, ತೋಪು ಎಲ್ಲ ಇತ್ತಲ್ವಾ? ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯಲ್ವಾ?"

ಅವರು ಯೋಚಿಸಿ ಹೇಳಿದರು: "ಗದ್ದೇಲಿ ಜಿಗಣೆ ಮೇಡಂ, ಜಿಗಣೆ! ಕಾಲಿಂದ ಕಿತ್ತು ಕಿತ್ತು ಸಾಕಾಗೋದು. ಲೇಔಟ್ ಆಯ್ತು, ಚಪ್ಪಲಿ ಹಾಕ್ಕೊಂಡೆ. ನಾನ್ಯಾಕೆ ಹೊಟ್ಟೆ ಉರ್ಕೊಳ್ಲಿ?"

ಊಟವಾದ ಮೇಲೆ ಮರದ ಕೆಳಗೆ ಟವೆಲು ಹಾಸಿ ಒರಗಿದವರು ಹಾಗೇ ನಿದ್ದೆಹೋದರು. ಬಿಸಿಲು ತಗ್ಗುವವರೆಗೂ ಮಲಗಿದ್ದರು. ಬಿಳಿ ಶರಟಿನ ಮೇಲೆ ಎಲೆ ಉದುರಿದ್ದವು. ಎಚ್ಚರವಾದಾಗ ಗಾಬರಿಯಿಂದ ಎದ್ದು ಕೂತು ಎರಡೂ ಫೋನು ನೋಡಿದರು. "ನೆಟ್ವರ್ಕ್ ಇಲ್ಲ. ಯಾರೂ ಫೋನೇ ಮಾಡ್ಲಿಲ್ಲ" ಎಂದರು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಮುಖ ತೊಳೆದುಕೊಂಡು ಹೊರಟರು. ದಾರಿಯುದ್ದಕ್ಕೂ ಅವರು ಯಾವ ಜಾಗವನ್ನೂ ಮಾರಲಿಲ್ಲ. ನಾನು ಅವರ ಜೊತೆ ಕಳೆದ ಕೊನೆಯ ಪೂರ್ತಿ ದಿನ ಅದು.

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟರು. ನಾವು ಮೂಡಲಪಾಳ್ಯದ ಮನೆಗೆ ಹೋದಾಗ ಅವರ ಎರಡೂ ಫೋನು ಬಡಿದುಕೊಳ್ಳುತ್ತಲೇ ಇದ್ದವು. ಅವರ ಹೆಂಡತಿ ಜಯಮ್ಮನವರು ಒಂದೊಂದನ್ನೂ ಎತ್ತಿ, "ಅವ್ರು ಇಲ್ಲಪ್ಪ" ಎನ್ನುತ್ತಿದ್ದರು. ಆ ಕಡೆಯವರು, "ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳುತ್ತಿದ್ದರು.

ಕೆಲವು ತಿಂಗಳ ಮೇಲೆ ಬೇಲಿ ನೋಡಲೆಂದು ನಾನೂ ಶೈಲಜಾಳೂ ಗುಡ್ಡಕ್ಕೆ ಹೋದೆವು. ಮರದ ಕೆಳಗೆ ಗಂಡ ಹೆಂಡತಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಬೈಕು, ಅದರ ಮೇಲೆ ಊಟ ತಲುಪಿಸುವವರ ದೊಡ್ಡ ಚೀಲ. ನನ್ನೊಳಗಿನ ಜಮೀನ್ದಾರಿಣಿ ತಟ್ಟನೆ ಎದ್ದಳು. "ಯಾರ್ ನೀವು? ಇದು ಪ್ರೈವೇಟ್ ಪ್ರಾಪರ್ಟಿ ಗೊತ್ತಾಯ್ತಾ?"

ಹುಡುಗ ಗಡಬಡಿಸಿ ಎದ್ದು ನಿಂತ. "ಗಂಗಣ್ಣಾರು ತೋರ್ಸಿದ್ರು ರೀ ಮೇಡಂ. ನಾವು ಹಾವೇರಿ ಕಡ್ಯಾವ್ರು. ಬ್ಯಾಡರಹಳ್ಳ್ಯಾಗ ಬಾಡಿಗಿ ಮನಿ ಹುಡುಕಾಕತ್ತಿದ್ವಿ. ಮುಂಜಾನಿಂದ ಎಷ್ಟೋ ಮನಿ ತೋರ್ಸಿದ್ರು, ಒಂದೂ ನಮ್ಮ ಕೈಗೆ ಎಟುಕಲಿಲ್ಲ. ಇಕಿ ಅಳಾಕ ಹತ್ತಿದ್ಲು. ಬರ್‍ರಿ, ಒಂದು ಜಾಗಾ ತೋರಸ್ತೀನಿ ಅಂತ ಇಲ್ಲಿಗೆ ಕರ್ಕೊಂಡು ಬಂದ್ರು ರೀ."

"ಇಲ್ಲಿ ಮನೆ ಎಲ್ಲಿದೆ?" ಎಂದಳು ಶೈಲಜಾ.

"ಹಂಗಂತ ನಾವೂ ಕೇಳಿದ್ವಿ ರೀ. ಇದು ಮಾರಾಕಿಲ್ಲ, ಬಾಡಿಗಿಗೂ ಇಲ್ಲ, ಸುಮ್ನ ಕುಂತ್ಕೊಳ್ರಿ ಅಂದ್ರು. ಭಾಳ ಮಂದಿನ್ನ ಕರ್ಕೊಂಡು ಬರ್ತಿದ್ರಂತ ರೀ ಅವ್ರು. ಆಮ್ಯಾಲೆ ಸುಂಕದಕಟ್ಟ್ಯಾಗ ಮನಿ ಕೊಡ್ಸಿದ್ರು. ಸೂಟಿ ಸಿಕ್ಕಾಗ ನಾವು ಇಲ್ಲಿ ಬಂದು ಹೋಗ್ತೀವಿ." ಆಮೇಲೆ ತಡೆದು ಕೇಳಿದ: "ಅವ್ರು ಆರಾಮ ಅದಾರೇನ್ರೀ? ಫೋನ್ ಹತ್ತವಲ್ದು. ನಂಬರ್ ಬದ್ಲಿ ಮಾಡ್ಯಾರೇನು?"

ನಾನೇ ಹೇಳಬೇಕಾಯಿತು. ಹುಡುಗ ತಲೆ ತಗ್ಗಿಸಿದ. ಹುಡುಗಿ ಸೆರಗು ತಲೆಯ ಮೇಲೆಳೆದುಕೊಂಡು ಸುತ್ತಲಿನ ಮರಗಳನ್ನು ನೋಡಿದಳು. ಆಮೇಲೆ ಕೇಳಿದಳು: "ಹಂಗಾರ ಈ ಜಾಗಾ ಈಗ ಯಾರು ನೋಡ್ಕೋತಾರ್‍ರೀ? ಇದು ಅವರ್ದ ಅಲ್ರೀ?"

ಶೈಲಜಾ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ.

"ಹೌದಮ್ಮ, ಅವರದ್ದೇ" ಎಂದೆ. "ನಾವು ನೋಡ್ಕೋತಾ ಇದೀವಿ."

ಅವಳು ಸರಿದು ಜಾಗ ಮಾಡಿ, ನಮ್ಮಿಬ್ಬರ ಕೈಗೂ ಒಂದೊಂದು ರೊಟ್ಟಿ ಕೊಟ್ಟಳು. ನಾವು ತರಗೆಲೆಯ ಮೇಲೆ ಕೂತು ತಿಂದೆವು.